ಡ್ಯಾಶ್‌ಬೋರ್ಡ್ ರೀಕಾಲ್ ಬಂದರೆ ಏನು ಮಾಡಬೇಕು? ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಾರು ಮಾಲೀಕರಿಗೊಂದು ಮಾರ್ಗದರ್ಶಿ

ರೀಕಾಲ್ ಅಂದರೆ ತಯಾರಿಕೆಯಲ್ಲೇ ದೋಷ ಇದೆ ಅಂತ ಕಂಪನಿಯೇ ಗಾಡಿ ವಾಪಸ್ ಕರೆಸಿ ಬಿಟ್ಟಿಯಾಗಿ ಸರಿಪಡಿಸಿಕೊಡುವುದು. ಅಂಥ ಮೆಸೇಜ್ ಬಂದಾಗ ನಮ್ಮ ಕಡೆ ಜಾಸ್ತಿ ಕೇಳಿಸುವ ಮಾತು ಇದು: “ಗಾಡಿ ಚಲೋ ಓಡಾಕತ್ತೈತಿ, ಮುಂದಿನ ಸರ್ವೀಸಿಗೆ ನೋಡಿದ್ರಾತು ಬಿಡ್ರಿ.” ಬ್ರೇಕು, ಏರ್‌ಬ್ಯಾಗು ಅಂದರೆ ಇದೇ ಜನ ಸ್ವಲ್ಪ ಹೆದರುತ್ತಾರೆ. ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್ ಅಂದರೆ ಮಾತ್ರ ‘ಅದೇನು ಮಹಾ’ ಅಂತ ಮೆಸೇಜ್ ಅಳಿಸಿಬಿಡುತ್ತಾರೆ.

ಆದರೆ ಗಾಡಿ ಚಲೋ ಓಡುತ್ತಿದೆ ಅಂತ ನಮಗೆ ಹೇಳುವುದು ಯಾರು? ಅದೇ ಡ್ಯಾಶ್‌ಬೋರ್ಡ್. ಎಂಜಿನ್ ಕಾದಿಲ್ಲ, ಆಯಿಲ್ ಪ್ರೆಶರ್ ಸರಿ ಇದೆ, ಏರ್‌ಬ್ಯಾಗ್ ತಯಾರಿದೆ ಅಂತ ನಾವು ನಂಬಿರುವುದು ಅಲ್ಲಿ ದೀಪ ಹತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ. ಹತ್ತಬಾರದ ದೀಪ ಹತ್ತಿದರೆ ಕಿರಿಕಿರಿ, ಒಂದಿಷ್ಟು ಖರ್ಚು. ಹತ್ತಬೇಕಾದ ದೀಪ ಹತ್ತದೇ ಹೋದರೆ ತಕರಾರು ಇದೆ ಅಂತ ಗೊತ್ತೇ ಆಗುವುದಿಲ್ಲ. ಅದಕ್ಕೇ ಈ ಜಾತಿಯ ರೀಕಾಲನ್ನು ಮುಂದೂಡಬಾರದು.

ಇದು ನಿಜಕ್ಕೂ ಆಗುತ್ತದಾ?

ಆಗಿದೆ, ಅದೂ ನಮ್ಮ ರಸ್ತೆಯಲ್ಲೇ ಓಡಾಡುವ ಕಾರುಗಳಲ್ಲಿ. 2023ರಲ್ಲಿ ಕಿಯಾ ಕಂಪನಿ 30,297 ಕ್ಯಾರೆನ್ಸ್ ಕಾರುಗಳನ್ನು ವಾಪಸ್ ಕರೆಸಿತು. 2022ರ ಸೆಪ್ಟೆಂಬರ್‌ನಿಂದ 2023ರ ಫೆಬ್ರುವರಿವರೆಗೆ ತಯಾರಾದ ಗಾಡಿಗಳವು. ಸ್ಟಾರ್ಟ್ ಮಾಡುವಾಗ ಡಿಜಿಟಲ್ ಕ್ಲಸ್ಟರ್ (ವೇಗ, ಎಚ್ಚರಿಕೆಯ ದೀಪ ತೋರಿಸುವ ಪರದೆ) ಸರಿಯಾಗಿ ಶುರುವಾಗದೆ ಪರದೆ ಪೂರ್ತಿ ಖಾಲಿಯಾಗುವ ಸಾಧ್ಯತೆ ಇತ್ತು. ಪರಿಹಾರ ಏನು? ಬಿಟ್ಟಿಯಾಗಿ ಒಂದು ಸಾಫ್ಟ್‌ವೇರ್ ಅಪ್‌ಡೇಟ್.

2025ರ ನವೆಂಬರ್‌ನಲ್ಲಿ ಮಾರುತಿ ಸುಜುಕಿಯ ಸರದಿ. 2024ರ ಡಿಸೆಂಬರ್ 9ರಿಂದ 2025ರ ಏಪ್ರಿಲ್ 29ರವರೆಗೆ ತಯಾರಾದ 39,506 ಗ್ರ್ಯಾಂಡ್ ವಿಟಾರಾ ಕಾರುಗಳಲ್ಲಿ ಇಂಧನದ ಮುಳ್ಳು ಮತ್ತು ಇಂಧನ ಕಡಿಮೆಯಾದಾಗ ಹತ್ತುವ ದೀಪ ತಪ್ಪು ತೋರಿಸಬಹುದು ಎಂಬ ಅನುಮಾನ. ಅದರ ಅವಳಿ ಟೊಯೊಟಾ ಹೈರೈಡರ್‌ನಲ್ಲೂ ಅದೇ ಕಥೆ, 11,529 ಗಾಡಿ. ಇಲ್ಲಿ ಭಾಗವನ್ನು ಪರೀಕ್ಷಿಸಿ ಬೇಕಾದರೆ ಬದಲಿಸಿಕೊಡುತ್ತೇವೆ ಅಂತ ಕಂಪನಿ ಹೇಳಿತು. ಅಂದರೆ ಡ್ಯಾಶ್‌ಬೋರ್ಡ್ ತಕರಾರೆಲ್ಲ ಬರೀ ಸಾಫ್ಟ್‌ವೇರಿನದೇ ಆಗಿರಬೇಕಿಲ್ಲ. ನಿಮ್ಮ ಕಾರಿಗೆ ಯಾವ ಕೆಲಸ ಮಾಡುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ.

ಅಮೆರಿಕದಲ್ಲಿ 2024ರ ಫೆಬ್ರುವರಿಯಲ್ಲಿ ಟೆಸ್ಲಾ ಸುಮಾರು 22 ಲಕ್ಷ ಕಾರುಗಳಿಗೆ ರೀಕಾಲ್ ಹೊರಡಿಸಿತು. ಕಾರಣ ಕೇಳಿದರೆ ನಗು ಬರಬಹುದು: ಬ್ರೇಕ್, ಪಾರ್ಕ್, ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಎಚ್ಚರಿಕೆಯ ಅಕ್ಷರಗಳು ಸಣ್ಣದಾಗಿದ್ದವು. ಅಲ್ಲಿನ ನಿಯಮದ ಪ್ರಕಾರ ಆ ಅಕ್ಷರಗಳು ಕನಿಷ್ಠ 3.2 ಮಿಲಿಮೀಟರ್ ಎತ್ತರ ಇರಬೇಕು. ಕಾರುಗಳು ನಿಂತಲ್ಲೇ ಇಂಟರ್ನೆಟ್ ಮೂಲಕ ಸರಿಪಡಿಸಿದರು. ಅಕ್ಷರದ ಗಾತ್ರಕ್ಕೇ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ ಅಂದಮೇಲೆ ದೀಪವೇ ಹತ್ತದ ಗಾಡಿಯನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು, ಅಲ್ವಾ?

ಹೆಜ್ಜೆ 1: ಮೆಸೇಜ್ ಅಸಲಿಯೋ ನಕಲಿಯೋ ನೋಡಿ

ಆರ್‌ಟಿಒ ಚಲನ್ ಹೆಸರಿನಲ್ಲಿ ಎಪಿಕೆ ಫೈಲ್ (ಫೋನಿಗೆ ಆ್ಯಪ್ ಹಾಕುವ ಫೈಲ್) ಕಳಿಸಿ ಬ್ಯಾಂಕ್ ಖಾತೆ ಖಾಲಿ ಮಾಡುವ ಕಾಲ ಇದು. ರೀಕಾಲ್ ಹೆಸರಿನಲ್ಲೂ ಹಾಗೇ ಮಾಡುವುದು ಕಷ್ಟವೇನಲ್ಲ. ಮೆಸೇಜ್‌ನಲ್ಲಿರುವ ಲಿಂಕ್ ಒತ್ತಲೇಬೇಡಿ. ಕಂಪನಿಯ ವೆಬ್‌ಸೈಟಿಗೆ ನೀವೇ ಹೋಗಿ, ಇಲ್ಲವೇ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿರುವ ನಂಬರಿಗೆ ಫೋನ್ ಮಾಡಿ. ಅಸಲಿ ರೀಕಾಲ್ ಕೆಲಸಕ್ಕೆ ದುಡ್ಡು ಕೇಳುವುದಿಲ್ಲ, ಬ್ಯಾಂಕಿನ ಓಟಿಪಿ ಕೇಳುವುದಿಲ್ಲ, ಯಾವುದೋ ಆ್ಯಪ್ ಇಳಿಸಿಕೊಳ್ಳಿ ಅಂತ ಹೆದರಿಸುವುದಿಲ್ಲ.

ಹೆಜ್ಜೆ 2: ಚಾಸಿ ನಂಬರ್ ಹಾಕಿ ಹುಡುಕಿ

ಪೇಪರಿನಲ್ಲಿ ಮಾಡೆಲ್ ಹೆಸರು ನೋಡಿ ನನ್ನ ಕಾರೂ ಇದೆ, ಇಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. ಒಂದೇ ಬಣ್ಣದ, ಒಂದೇ ವಾರ ಕೊಂಡ ಎರಡು ಕಾರುಗಳಲ್ಲಿ ಒಂದು ಪಟ್ಟಿಯಲ್ಲಿ ಇರಬಹುದು, ಇನ್ನೊಂದು ಇಲ್ಲದಿರಬಹುದು. ಲೆಕ್ಕಕ್ಕೆ ಬರುವುದು ತಯಾರಾದ ದಿನ. ನೀವು ಕೊಂಡ ದಿನ ಅಥವಾ ನೋಂದಣಿ ಆದ ದಿನ ಇದಕ್ಕೆ ಸಂಬಂಧವಿಲ್ಲ. ತಯಾರಾದ ತಿಂಗಳು, ವರ್ಷ ಆರ್‌ಸಿಯಲ್ಲೇ ಇರುತ್ತದೆ.

ಚಾಸಿ ನಂಬರ್ 17 ಅಕ್ಷರ–ಅಂಕಿಗಳದ್ದು. ಆರ್‌ಸಿಯಲ್ಲಿದೆ, ವಿಮೆ ಪಾಲಿಸಿಯಲ್ಲೂ ಇದೆ. ಕೆಲವು ಕಾರುಗಳಲ್ಲಿ ಮುಂದಿನ ಗಾಜಿನ ಕೆಳಮೂಲೆಯಲ್ಲಿ, ಬಾಗಿಲ ಕಂಬದ ಪಟ್ಟಿಯಲ್ಲಿ ಕೂಡ ಕಾಣುತ್ತದೆ. ಮಾರುತಿಯದು ಸಾಮಾನ್ಯವಾಗಿ ‘ಎಂಎ3’ ಅಂತ ಶುರುವಾಗುತ್ತದೆ, ಹ್ಯುಂಡೈದು ‘ಎಂಎಎಲ್’, ಟಾಟಾದ್ದು ‘ಎಂಎಟಿ’, ಮಹೀಂದ್ರಾದ್ದು ‘ಎಂಎ1’. ಒಂದು ಉಪಯೋಗದ ವಿಷಯ: ಈ ನಂಬರಿನಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ನಿಮಗೆ ಓ ಅನ್ನಿಸಿದ್ದು ಸೊನ್ನೆ, ಐ ಅನ್ನಿಸಿದ್ದು ಒಂದು. ‘ನಂಬರ್ ತಪ್ಪು’ ಅಂತ ವೆಬ್‌ಸೈಟ್ ಹಟ ಹಿಡಿದರೆ ಮೊದಲು ಇದನ್ನೇ ನೋಡಿ.

ಸಿಯಾಮ್ ಅನ್ನುವ ಕಾರು ತಯಾರಕರ ಸಂಘ 2012ರಿಂದ ಸ್ವಯಂಪ್ರೇರಿತ ರೀಕಾಲ್ ಪದ್ಧತಿ ನಡೆಸುತ್ತಿದೆ. ಅದರ ವೆಬ್‌ಸೈಟಿನಲ್ಲೂ ಕಂಪನಿವಾರು ಮಾಹಿತಿ ಸಿಗುತ್ತದೆ.

ಹೆಜ್ಜೆ 3: ಹೊರಡುವ ಮೊದಲು ಫೋನ್ ಮಾಡಿ

ಹುಬ್ಬಳ್ಳಿಯವರಿಗೆ ಇದು ದೊಡ್ಡ ವಿಷಯ ಅಲ್ಲ. ಗೋಕುಲ ರೋಡಿನಲ್ಲೋ ಪಿಬಿ ರೋಡಿನಲ್ಲೋ ಹತ್ತಿರದಲ್ಲೇ ವರ್ಕ್‌ಶಾಪ್ ಸಿಗುತ್ತದೆ. ಗಜೇಂದ್ರಗಡ, ನರಗುಂದ, ಹಿರೇಕೆರೂರು ಕಡೆಯವರು ಒಂದು ದಿನ ಕಟ್ಟಿಕೊಂಡು ಬರಬೇಕು. ಬಂದಮೇಲೆ “ಪಾರ್ಟ್ ಬಂದಿಲ್ರೀ, ನಾವು ಫೋನ್ ಮಾಡ್ತೇವಿ” ಅಂದರೆ ಡೀಸೆಲ್ಲೂ ಹೋಯಿತು, ದಿನವೂ ಹೋಯಿತು.

ಹಾಗಾಗಿ ಫೋನಿನಲ್ಲಿ ಇಷ್ಟು ಕೇಳಿ. ಇದು ಸಾಫ್ಟ್‌ವೇರ್ ಕೆಲಸವೋ, ಭಾಗ ಬದಲಿಸುವುದೋ? ಭಾಗ ಆದರೆ ನನ್ನ ಚಾಸಿ ನಂಬರಿಗೆ ಈಗ ಸ್ಟಾಕ್ ಇದೆಯಾ? ಎಷ್ಟು ಹೊತ್ತು ಹಿಡಿಯುತ್ತದೆ, ಅದೇ ದಿನ ಗಾಡಿ ಕೊಡುತ್ತೀರಾ? ಗದಗ ಅಥವಾ ಹಾವೇರಿಯ ನಿಮ್ಮ ಸಣ್ಣ ವರ್ಕ್‌ಶಾಪಿನಲ್ಲೇ ಈ ರೀಕಾಲ್ ಕೆಲಸ ಆಗುತ್ತದಾ? ಕೊನೆಯದನ್ನು ಕೇಳುವುದು ಮರೆಯಬೇಡಿ. ಆಯಿಲ್ ಬದಲಿಸುವ ಎಲ್ಲ ಕಡೆಯೂ ಸಾಫ್ಟ್‌ವೇರ್ ಹಾಕುವ ಉಪಕರಣ ಇರುವುದಿಲ್ಲ. ಇದ್ದರೆ ಮಾತ್ರ ಗದಗದಿಂದ ಹುಬ್ಬಳ್ಳಿಯ 58 ಕಿಲೋಮೀಟರ್ ಉಳಿಯುತ್ತದೆ.

ಅಪಾಯಿಂಟ್‌ಮೆಂಟನ್ನು ಮೆಸೇಜ್ ಅಥವಾ ಇಮೇಲ್ ಮೂಲಕ ಖಚಿತ ಮಾಡಿಸಿಕೊಳ್ಳಿ. ಬರೀ ಬಾಯಿಮಾತು ಆದರೆ ಮುಂದೆ ಜಗಳ ಬಂದಾಗ ತೋರಿಸಲು ಏನೂ ಇರುವುದಿಲ್ಲ.

ಹೆಜ್ಜೆ 4: ರಿಪೇರಿ ಆಗುವವರೆಗೆ ಗಾಡಿ ಓಡಿಸುವುದು ಹೇಗೆ?

‘ಓಡಿಸಬೇಡಿ’ ಅಂತ ಕಂಪನಿ ಸ್ಪಷ್ಟವಾಗಿ ಹೇಳಿದ್ದರೆ ಓಡಿಸಬೇಡಿ, ಬಂದು ತೆಗೆದುಕೊಂಡು ಹೋಗಿ ಅನ್ನಿ. ಹಾಗೆ ಹೇಳಿಲ್ಲದಿದ್ದರೆ ಡ್ಯಾಶ್‌ಬೋರ್ಡ್ ಮಾಡಬೇಕಾದ ಕೆಲಸವನ್ನು ಸ್ವಲ್ಪ ದಿನ ನೀವೇ ಮಾಡಬೇಕು.

ಮೊದಲನೆಯದು ದೀಪಗಳ ಹಾಜರಿ. ಕೀ ಇರುವ ಕಾರಾದರೆ ಎಂಜಿನ್ ಸ್ಟಾರ್ಟ್ ಮಾಡದೆ ಕೀಯನ್ನು ‘ಆನ್’ವರೆಗೆ ಮಾತ್ರ ತಿರುಗಿಸಿ. ಬಟನ್ ಇರುವ ಕಾರಾದರೆ ಬ್ರೇಕ್, ಕ್ಲಚ್ ತುಳಿಯದೆ ಬಟನ್ ಒತ್ತಿ, ಹೆಚ್ಚಿನ ಕಾರುಗಳಲ್ಲಿ ಎರಡು ಸಲ ಒತ್ತಬೇಕಾಗುತ್ತದೆ. ಆಗ ಎಚ್ಚರಿಕೆಯ ದೀಪಗಳು ಒಟ್ಟಿಗೇ ಹತ್ತುತ್ತವೆ. ಏರ್‌ಬ್ಯಾಗ್ ಮತ್ತು ಎಬಿಎಸ್ ದೀಪ ಕೆಲವು ಸೆಕೆಂಡಿನಲ್ಲಿ ತಾವೇ ಆರುತ್ತವೆ. ಎಣ್ಣೆ ಗಿಂಡಿಯ ಚಿತ್ರದ ಆಯಿಲ್ ದೀಪ ಮತ್ತು ಬ್ಯಾಟರಿ ದೀಪ ಎಂಜಿನ್ ಸ್ಟಾರ್ಟ್ ಆಗುವವರೆಗೂ ಹತ್ತಿಕೊಂಡೇ ಇರುತ್ತವೆ. ಎಂಜಿನ್ ಚಿತ್ರದ ದೀಪವೂ ಹಾಗೆಯೇ. ಯಾವ ದೀಪ ಬಂತು, ಯಾವುದು ಬರಲಿಲ್ಲ ಅಂತ ಕಣ್ಣಿಗೆ ಸಿಗುವುದು ಕಷ್ಟ. ಫೋನಿನಲ್ಲಿ ವಿಡಿಯೋ ಮಾಡಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿ. ಕಾರಿನ ಪುಸ್ತಕದಲ್ಲಿರುವ ಚಿತ್ರಗಳ ಜೊತೆ ಹೋಲಿಸಿ.

ಒಂದು ದೀಪ ಹತ್ತಲೇ ಇಲ್ಲ ಅಂದರೆ ‘ತೊಂದರೆ ಇಲ್ಲ’ ಅಂತ ಅರ್ಥ ಅಲ್ಲ, ಆ ದೀಪಕ್ಕೇ ಕಾಯಿಲೆ. ಹಳೆ ಕಾರುಗಳಲ್ಲಿ ಏರ್‌ಬ್ಯಾಗ್ ದೀಪ ಕಾಣದಿದ್ದರೆ ಜಾಸ್ತಿ ಅನುಮಾನ ಪಡಿ. ಏರ್‌ಬ್ಯಾಗ್ ಕೆಟ್ಟಿದ್ದನ್ನು ಮುಚ್ಚಿಡಲು ದೀಪವನ್ನೇ ತೆಗೆಸಿ ಮಾರುವವರು ಇದ್ದಾರೆ.

ಬಣ್ಣಗಳ ವಿಷಯ ಸುಲಭ. ಕೆಂಪು ಅಂದರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. ಹಳದಿ ಅಂದರೆ ತಡಮಾಡದೆ ತೋರಿಸಿ. ಹಸಿರು, ನೀಲಿ ಬರೀ ಮಾಹಿತಿ. ರೀಕಾಲ್ ಇರುವ ಕಾರಿನಲ್ಲಿ ‘ಇದು ಸಾಫ್ಟ್‌ವೇರ್ ತಪ್ಪೇ ಇರಬೇಕು’ ಅಂತ ಕೆಂಪು ದೀಪವನ್ನು ಅಲಕ್ಷ್ಯ ಮಾಡುವುದು ಇನ್ನೊಂದು ದೊಡ್ಡ ಅಪಾಯ. ಆಯಿಲ್ ದೀಪ ಹತ್ತಿದ ಮೇಲೂ ‘ಇಲ್ಲೇ ನವನಗರದವರೆಗೆ’ ಅಂತ ಓಡಿಸಿದರೆ ಎಂಜಿನ್ನೇ ಹಿಡಿದುಕೊಳ್ಳಬಹುದು. ಸುಳ್ಳೋ ನಿಜವೋ ಅಂತ ರಸ್ತೆಯಲ್ಲಿ ತೀರ್ಮಾನ ಮಾಡಲು ಹೋಗಬೇಡಿ.

ಇಂಧನದ ಮುಳ್ಳನ್ನು ನಂಬಲಾಗದಿದ್ದರೆ ಟ್ರಿಪ್ ಮೀಟರ್ ಬಳಸಿ. ಟ್ಯಾಂಕ್ ಫುಲ್ ಮಾಡಿಸಿ ಅದನ್ನು ಸೊನ್ನೆ ಮಾಡಿ. ಗ್ರ್ಯಾಂಡ್ ವಿಟಾರಾದ ಟ್ಯಾಂಕ್ 45 ಲೀಟರಿನದು. ಲೀಟರಿಗೆ 14 ಕಿಲೋಮೀಟರ್ ಸಿಗುತ್ತದೆ ಅಂದುಕೊಂಡರೆ ಲೆಕ್ಕದಲ್ಲಿ 630 ಕಿಲೋಮೀಟರ್ ಆಯಿತು. ಆದರೂ 400 ದಾಟುತ್ತಲೇ ಬಂಕಿಗೆ ಹೋಗಿಬಿಡಿ, ಮುಳ್ಳು ಏನೇ ಹೇಳಲಿ. ಊರೊಳಗೆ ಓಡಾಡುವವರಿಗೆ ಪೆಟ್ರೋಲ್ ಖಾಲಿಯಾದರೆ ಅರ್ಧ ಗಂಟೆಯ ಪೇಚಾಟ ಅಷ್ಟೇ. ಅಂಕೋಲಾ ಕಡೆ ಹೊರಟವರ ಕಥೆ ಬೇರೆ. ಯಲ್ಲಾಪುರ ದಾಟಿದ ಮೇಲೆ ಅರಬೈಲ್ ಘಟ್ಟದ ತಿರುವಿನಲ್ಲಿ, ಹಿಂದೆ ಮುಂದೆ ಲಾರಿಗಳ ನಡುವೆ, ಎಂಜಿನ್ ನಿಂತರೆ ಸ್ಟೀರಿಂಗ್ ಗಟ್ಟಿಯಾಗುತ್ತದೆ, ಬ್ರೇಕಿನ ಬೂಸ್ಟರ್ ಒಂದೆರಡು ಸಲ ತುಳಿಯುವಷ್ಟರಲ್ಲಿ ಸೋಲುತ್ತದೆ. ಇಂಧನದ ಮುಳ್ಳಿನ ತಪ್ಪನ್ನು ಸುರಕ್ಷತೆಯ ರೀಕಾಲ್ ಅನ್ನುವುದು ಇದಕ್ಕೇ.

ವಾರಕ್ಕೊಮ್ಮೆ ಬಾನೆಟ್ ಎತ್ತಿ. ಡಿಪ್‌ಸ್ಟಿಕ್ ಒರೆಸಿ ಆಯಿಲ್ ನೋಡಿ. ಬ್ರೇಕ್ ಫ್ಲೂಯಿಡ್, ಕೂಲಂಟ್ ಎರಡೂ ಡಬ್ಬಿಯ ಮೇಲಿನ ಎರಡು ಗೆರೆಗಳ ಮಧ್ಯೆ ಇರಬೇಕು. ಎಂಜಿನ್ ಬಿಸಿ ಇದ್ದಾಗ ಕೂಲಂಟ್ ಮುಚ್ಚಳಕ್ಕೆ ಕೈ ಹಾಕಲೇಬೇಡಿ. ಏಪ್ರಿಲ್, ಮೇ ಬಿಸಿಲಿನಲ್ಲಿ ಗದಗ–ಮುಂಡರಗಿ ರಸ್ತೆಯಲ್ಲಿ ಓಡಿಸುವಾಗ ಎಸಿ ಗಾಳಿ ದಿಢೀರನೆ ಬಿಸಿಯಾದರೆ, ಸಿಹಿ ವಾಸನೆ ಬಂದರೆ, ಡ್ಯಾಶ್‌ಬೋರ್ಡ್ ಸುಮ್ಮನಿದ್ದರೂ ನಿಲ್ಲಿಸಿ. ಟೈರ್ ಗಾಳಿಯನ್ನು ಟೈರ್ ತಣ್ಣಗಿದ್ದಾಗ ಬಂಕಿನ ಗೇಜಿನಲ್ಲಿ ನೋಡಿ.

ಓಡಿಸುವಾಗಲೇ ಪರದೆ ಪೂರ್ತಿ ಕತ್ತಲಾದರೆ? ಒಮ್ಮೆಲೇ ಬ್ರೇಕ್ ಹಾಕಬೇಡಿ. ಪರದೆ ಹೋದರೂ ಬ್ರೇಕು, ಸ್ಟೀರಿಂಗು ಸಾಮಾನ್ಯವಾಗಿ ಕೆಲಸ ಮಾಡುತ್ತಲೇ ಇರುತ್ತವೆ. ಹಜಾರ್ಡ್ ದೀಪ ಹಾಕಿ ನಿಧಾನಕ್ಕೆ ಎಡಕ್ಕೆ ಬನ್ನಿ. ಹುಬ್ಬಳ್ಳಿ–ಧಾರವಾಡ ಬೈಪಾಸ್‌ನಲ್ಲಂತೂ ರಸ್ತೆಯಂಚಿಗೆ ಪೂರ್ತಿ ಇಳಿಯುವವರೆಗೆ ನಿಲ್ಲಿಸಬೇಡಿ, ಹಿಂದಿನ ಲಾರಿಯವನಿಗೆ ನಿಮ್ಮ ಪರದೆಯ ಕಷ್ಟ ಗೊತ್ತಿರುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033, ತುರ್ತು ಇದ್ದರೆ 112. ಎಂಜಿನ್ ಆಫ್ ಮಾಡಿ ಮತ್ತೆ ಹಾಕಿದರೆ ಪರದೆ ಬರಬಹುದು. ಬಂತು ಅಂತ ಬಿಟ್ಟುಬಿಡಬೇಡಿ. ಖಾಲಿ ಪರದೆಯದೊಂದು ವಿಡಿಯೋ ಮೊದಲು ಮಾಡಿಟ್ಟುಕೊಳ್ಳಿ, ಏಕೆಂದರೆ ವರ್ಕ್‌ಶಾಪಿಗೆ ಹೋದಾಗ ಅದು ಸಂಭಾವಿತನ ಹಾಗೆ ಹೊಳೆಯುತ್ತಿರುತ್ತದೆ. ಅಲ್ಲಿಗೆ ಮುಟ್ಟುವವರೆಗೆ ವೇಗ ತಿಳಿಯಲು ಪಕ್ಕದಲ್ಲಿ ಕೂತವರ ಫೋನಿನ ಮ್ಯಾಪ್ ಸಾಕು.

ಹೆಜ್ಜೆ 5: ವರ್ಕ್‌ಶಾಪಿನಲ್ಲಿ

ಜಾಬ್ ಕಾರ್ಡ್ (ಮಾಡಬೇಕಾದ ಕೆಲಸದ ಚೀಟಿ) ಬರೆಯುವಾಗ ಪಕ್ಕದಲ್ಲೇ ನಿಲ್ಲಿ. ‘ಜನರಲ್ ಚೆಕಪ್’ ಅಂತ ಬರೆದರೆ ತಿದ್ದಿಸಿ. ರೀಕಾಲ್ ಅಂತಲೂ ಅದರ ಕ್ಯಾಂಪೇನ್ ನಂಬರ್ (ಆ ರೀಕಾಲಿಗೆ ಕಂಪನಿ ಕೊಟ್ಟ ನಂಬರ್) ಕೂಡ ಬರೆಸಿ. ವಾರಂಟಿ ಮುಗಿದಿದೆ, ಸರ್ವೀಸ್ ಬೇರೆ ಕಡೆ ಮಾಡಿಸಿದ್ದೀರಿ ಅಂತ ರೀಕಾಲ್ ಕೆಲಸಕ್ಕೆ ದುಡ್ಡು ಕೇಳಿದರೆ ಒಪ್ಪಬೇಡಿ. “ಹೆಂಗೂ ಬಂದೀರಿ, ಅಲೈನ್‌ಮೆಂಟ್, ಎಸಿ ಕ್ಲೀನಿಂಗ್ ಮಾಡಿಸಿಬಿಡ್ರಿ” ಅನ್ನುತ್ತಾರೆ. ಬೇಕಿದ್ದರೆ ಮಾಡಿಸಿ, ಆದರೆ ಅದಕ್ಕೆ ಬೇರೆ ಬಿಲ್ ಹಾಕಿಸಿ. ಎರಡೂ ಒಂದೇ ಬಿಲ್ಲಿನಲ್ಲಿ ಸೇರಿದರೆ ಯಾವುದಕ್ಕೆ ದುಡ್ಡು ಕೊಟ್ಟಿರಿ ಅಂತ ಆಮೇಲೆ ತಿಳಿಯುವುದಿಲ್ಲ.

ಗಾಡಿ ಬಿಡುವ ಮೊದಲು ಓಡೋಮೀಟರಿನ ಫೋಟೋ ತೆಗೆಯಿರಿ. ಕ್ಲಸ್ಟರನ್ನೇ ಬದಲಿಸಿದರೆ ಹೊಸದರಲ್ಲಿ ಹಳೆಯ ಕಿಲೋಮೀಟರ್ ಸರಿಯಾಗಿ ಬರಬೇಕು. ಬಂದಿದೆ ಅಂತ ಜಾಬ್ ಕಾರ್ಡಿನಲ್ಲಿ ಬರೆಸಿ. ಇಲ್ಲದಿದ್ದರೆ ನಾಳೆ ಗಾಡಿ ಮಾರುವಾಗ ಮೀಟರ್ ತಿರುಗಿಸಿದ್ದಾರೆ ಅನ್ನುವ ಮಾತು ನಿಮ್ಮ ಮೇಲೇ ಬರುತ್ತದೆ.

ಸಾಫ್ಟ್‌ವೇರ್ ಹಾಕುವುದು ಹೊರಗಿಂದ ನೋಡಲು ಏನೂ ಅಲ್ಲ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿಗೆ (ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಜಾಗ) ವೈರ್ ಸಿಕ್ಕಿಸಿ ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಜೋಡಿಸುತ್ತಾರೆ. ಗಮನಿಸಬೇಕಾದ್ದು ಬ್ಯಾಟರಿ. ಅರ್ಧದಲ್ಲಿ ವೋಲ್ಟೇಜ್ ಬಿದ್ದರೆ ಆ ಮಾಡ್ಯೂಲೇ (ಸಾಫ್ಟ್‌ವೇರ್ ಕೂರುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸತ್ತುಹೋಗಬಹುದು. ಅದಕ್ಕೇ ಜೊತೆಗೊಂದು ಚಾರ್ಜರ್ ಜೋಡಿಸಿಡುವುದು ಸರಿಯಾದ ಪದ್ಧತಿ. ನಿಮ್ಮ ಬ್ಯಾಟರಿ ಹಳೆಯದಾಗಿದ್ದರೆ ಮೊದಲೇ ಹೇಳಿ. ಅಂದಹಾಗೆ, ಸೊರಗಿದ ಬ್ಯಾಟರಿಯಿಂದಲೂ ಡ್ಯಾಶ್‌ಬೋರ್ಡ್‌ನಲ್ಲಿ ಇಲ್ಲದ ದೀಪಗಳೆಲ್ಲ ಕುಣಿಯುತ್ತವೆ. ಇಲಿ ಕಡಿದ ವೈರಿನಿಂದಲೂ ಹಾಗಾಗುತ್ತದೆ. ಸಾಫ್ಟ್‌ವೇರ್ ಹಾಕಿದ ಮೇಲೂ ದೀಪ ಹತ್ತುತ್ತಿದ್ದರೆ ಇವೆರಡನ್ನೂ ನೋಡಿಸಿ.

ಅಷ್ಟು ಹೊತ್ತು ಅಲ್ಲೇ ಕೂರುವ ಅಗತ್ಯವಿಲ್ಲ. ದುರ್ಗದಬೈಲಿಗೆ ಹೋಗಿ ಸಂತೆ ಮುಗಿಸಿ, ಗಿರಮಿಟ್ ತಿಂದು ಬನ್ನಿ. ಆದರೆ ಗಾಡಿ ಕೈಗೆ ಬಂದ ಮೇಲೆ ಅವಸರ ಮಾಡಬೇಡಿ. ಹೆಜ್ಜೆ 4ರ ದೀಪಗಳ ಹಾಜರಿಯನ್ನು ಅಡ್ವೈಸರ್ ಎದುರಿಗೇ ಇನ್ನೊಮ್ಮೆ ತೆಗೆದುಕೊಳ್ಳಿ. ‘ರೀಕಾಲ್ ಕೆಲಸ ಮುಗಿದಿದೆ’ ಅಂತ ಬರೆದ, ಸೊನ್ನೆ ರೂಪಾಯಿಯ ಬಿಲ್ ಕೇಳಿ ಪಡೆಯಿರಿ. ಒಂದು ವಾರ ಬಿಟ್ಟು ಅದೇ ಚಾಸಿ ನಂಬರನ್ನು ಕಂಪನಿಯ ಪುಟದಲ್ಲಿ ಮತ್ತೆ ಹಾಕಿ. ಇನ್ನೂ ಬಾಕಿ ಅಂತ ತೋರಿಸಿದರೆ ಕೆಲಸ ಆಗಿಲ್ಲ, ಇಲ್ಲವೇ ಆದದ್ದನ್ನು ದಾಖಲಿಸಿಲ್ಲ.

ಕಾರು ನಿಂತಲ್ಲೇ ಇಂಟರ್ನೆಟ್ ಮೂಲಕ ಅಪ್‌ಡೇಟ್ ಬರುವ ಹಾಗಿದ್ದರೆ ಮನೆಯಲ್ಲೇ ಆಗುತ್ತದೆ. ಆ ಹೊತ್ತಿನಲ್ಲಿ ಎಲ್ಲಿಗೂ ಹೊರಡಬೇಡಿ, ಬಾಗಿಲು ತೆಗೆದು ಹಾಕುತ್ತಾ ಕೂರಬೇಡಿ. ಮುಗಿದ ಮೇಲೆ ಹೊಸ ಆವೃತ್ತಿಯ ನಂಬರಿನ ಫೋಟೋ ಇಟ್ಟುಕೊಳ್ಳಿ.

ಗ್ಯಾರೇಜಿನಲ್ಲಿ ಒಂದು ಡಾಂಗಲ್ ಸಿಕ್ಕಿಸಿ, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ತಕರಾರಿನ ಕೋಡ್ ಅಳಿಸಿಕೊಡುವವರು ಎಲ್ಲ ಊರಲ್ಲೂ ಇದ್ದಾರೆ. ಏನು ತಕರಾರು ಅಂತ ಓದಲು ಅದು ಒಳ್ಳೆಯದೇ. ಆದರೆ ಕೋಡ್ ಅಳಿಸಿದರೆ ದೀಪ ಆರುತ್ತದೆಯೇ ಹೊರತು ರೋಗ ಹೋಗುವುದಿಲ್ಲ. ಮೇಲಾಗಿ ವರ್ಕ್‌ಶಾಪಿನವರಿಗೆ ಸಿಗಬೇಕಾದ ಸುಳಿವೂ ಅಳಿಸಿಹೋಗುತ್ತದೆ.

ಹೆಜ್ಜೆ 6: ಕೇಳದಿದ್ದರೆ

ಕಾನೂನು ನಿಮ್ಮ ಕಡೆ ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಕಲಂ ಸೇರಿತು. ಅದರ ಪ್ರಕಾರ ಸರ್ಕಾರವೇ ಕಂಪನಿಗೆ ರೀಕಾಲ್ ಮಾಡಿ ಅಂತ ಆದೇಶ ಕೊಡಬಹುದು. ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಏಳು ವರ್ಷದೊಳಗಿನ ಗಾಡಿಗಳಿಗೆ ಅವು ಅನ್ವಯಿಸುತ್ತವೆ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ. ಸಾಫ್ಟ್‌ವೇರ್ ದೋಷವೂ ಇದರೊಳಗೇ ಬರುತ್ತದೆ. ಸರ್ಕಾರ ಎಷ್ಟು ದೂರು ಬಂದಿವೆ ಅಂತ ಲೆಕ್ಕ ನೋಡಿ ತನಿಖೆಗೆ ಕೈ ಹಾಕುತ್ತದೆ. ಆದ್ದರಿಂದ ನಿಮ್ಮ ಕಾರಿನಲ್ಲಿ ಇದೇ ತಕರಾರು ಇದ್ದು ರೀಕಾಲ್ ಇನ್ನೂ ಬಂದಿಲ್ಲದಿದ್ದರೆ, ಪರಿವಾಹನ್ ಅನ್ನುವ ಸರ್ಕಾರಿ ವೆಬ್‌ಸೈಟಿನ ವಾಹನ ರೀಕಾಲ್ ಪೋರ್ಟಲ್‌ನಲ್ಲಿ ದೂರು ಹಾಕಿ. ಕಟ್ಟೆ ಮೇಲೆ ಕೂತು ಬೈದರೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ವರ್ಕ್‌ಶಾಪ್ ಸತಾಯಿಸಿದರೆ ಕಂಪನಿಗೆ ಇಮೇಲ್ ಬರೆಯಿರಿ. ಚಾಸಿ ನಂಬರ್, ಹೋದ ದಿನಾಂಕಗಳು, ವಿಡಿಯೋ ಎಲ್ಲ ಅದರಲ್ಲಿರಲಿ. ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಜಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕಂಪನಿ ಮುಂಬೈನಲ್ಲಿರಲಿ ದಿಲ್ಲಿಯಲ್ಲಿರಲಿ, 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾರಿಗೆ ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. ಶುಲ್ಕ ಕೇಳಿ ಹೆದರಬೇಡಿ: 5ರಿಂದ 10 ಲಕ್ಷದ ಕಾರಿಗೆ 200 ರೂಪಾಯಿ, 10ರಿಂದ 20 ಲಕ್ಷದ್ದಕ್ಕೆ 400. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು, ಇ-ಜಾಗೃತಿ ಅನ್ನುವ ಗ್ರಾಹಕ ಆಯೋಗಗಳ ವೆಬ್‌ಸೈಟಿನ ಮೂಲಕ ಮನೆಯಿಂದಲೂ ಹಾಕಬಹುದು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ

ರೀಕಾಲ್ ಪತ್ರ ಹೋಗುವುದು ಕಂಪನಿಯ ದಾಖಲೆಯಲ್ಲಿರುವ ವಿಳಾಸಕ್ಕೆ. ಕೆಎ 25 ನೋಂದಣಿಯ ಧಾರವಾಡದ ಕಾರು ಈಗ ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರಿಯ ಹತ್ತಿರ ಇದ್ದರೂ ಮೆಸೇಜ್ ಮಾತ್ರ ಧಾರವಾಡದ ಹಳೆಯ ಮಾಲೀಕರ ಫೋನಿಗೇ. ಆರ್‌ಸಿ ಹೆಸರು ಬದಲಿಸಿದರೆ ಸಾಲದು. ಕಾರು ಕಂಪನಿಯ ಕಸ್ಟಮರ್ ಕೇರ್‌ಗೂ ಫೋನ್ ಮಾಡಿ ನಿಮ್ಮ ಹೆಸರು, ನಂಬರ್ ಸೇರಿಸಲು ಹೇಳಿ.

ಇನ್ನೂ ಕೊಳ್ಳುವ ಯೋಚನೆಯಲ್ಲಿದ್ದರೆ ಅಡ್ವಾನ್ಸ್ ಕೊಡುವ ಮೊದಲೇ ಆರ್‌ಸಿಯ ಫೋಟೋ ತರಿಸಿಕೊಂಡು ಚಾಸಿ ನಂಬರ್ ಹಾಕಿ ನೋಡಿ. ಬಾಕಿ ರೀಕಾಲ್ ಇದ್ದರೆ ವ್ಯವಹಾರ ಬಿಡಬೇಕಾಗಿಲ್ಲ. ಮಾರುವವರೇ ಕೆಲಸ ಮಾಡಿಸಿ ಸೊನ್ನೆ ರೂಪಾಯಿಯ ಬಿಲ್ ಕೊಡಲಿ, ಆಮೇಲೆ ದುಡ್ಡು ಎಣಿಸಿ.